ಟೇಬಲ್ ಮೇಲೆ ಬಡಿಯೋ ಟೆಲಿಗ್ರಾಫ್ 60 ಮೀಟರ್ ವೈರ್ ಹಾಕಿದ್ರೆ ಸತ್ತಂಗೆ ಆಗ್ತೈತಿ, ಯಾಕೆ?

ಕುಷ್ಟಗಿ ಮೇಷ್ಟ್ರು:
ಕುಷ್ಟಗಿ ತಾಲೂಕಿನ ಹೈಸ್ಕೂಲಿನ ವಸ್ತುಪ್ರದರ್ಶನಕ್ಕೆ ಹಳೇ ಕಾಲದ ಟೆಲಿಗ್ರಾಫ್ ಮಾಡಿಸ್ತಿದೀವಿ. 6 ಎಂಎಂ ಬೋಲ್ಟ್ ಮೇಲೆ 26 ಗೇಜ್ ಎನಾಮಲ್ ತಾಮ್ರದ ತಂತಿ 150 ಸುತ್ತು, ಎದುರಿಗೆ ತಗಡಿನ ಪಟ್ಟಿ, ದೊಡ್ಡ ಟಾರ್ಚ್ ಸೆಲ್ 4. ಟೇಬಲ್ ಮೇಲೆ ಟಕ್ ಟಕ್ ಅಂತ ಜೋರಾಗೇ ಬಡಿತೈತಿ. ಲ್ಯಾಬಿನಿಂದ ಆಫೀಸ್ ರೂಮಿಗೆ 60 ಮೀಟರ್ ಎರಡೆಳೆ ವೈರ್ (0.25 ಚದರ ಎಂಎಂ) ಎಳೆದ್ರೆ ಪಟ್ಟಿ ಸ್ವಲ್ಪ ನಡುಗಿ ಸುಮ್ಮನಾಗ್ತೈತಿ. 9 ವೋಲ್ಟಿನ ಚೌಕ ಬ್ಯಾಟರಿ ಹಾಕಿದ್ರೂ ಅದೇ ಕತೆ. ಇನ್ನೊಂದು, ಕೀ (ಒತ್ತೋ ಸ್ವಿಚ್) ಬಿಟ್ಟ ಮೇಲೂ ಪಟ್ಟಿ ಒಮ್ಮೊಮ್ಮೆ ಬೋಲ್ಟಿಗೆ ಅಂಟಿಕೊಂಡೇ ಇರ್ತೈತಿ. ವೈರ್ ದಪ್ಪ ಮಾಡ್ಬೇಕಾ, ಸೆಲ್ ಜಾಸ್ತಿ ಮಾಡ್ಬೇಕಾ?

ಗಂಗಾವತಿ ವೈಂಡಿಂಗ್:
ಎರಡೂ ಅಲ್ರೀ ಸರ್, ಸುರುಳಿ ಬದಲಿಸ್ರಿ. ಲೆಕ್ಕ ನೋಡ್ರಿ. ನಿಮ್ಮ 150 ಸುತ್ತಿಗೆ ತಂತಿ ಹಿಡಿದದ್ದು ಸುಮಾರು 4 ಮೀಟರ್, ಅದರ ರೋಧ ಅರ್ಧ ಓಮ್ ಕೂಡ ಇಲ್ಲ. ಸೆಲ್ಲುಗಳ ಒಳಗಿನ ರೋಧ ಎಲ್ಲಾ ಸೇರಿ ಒಂದೂವರೆ ಓಮ್ ಹಿಡೀರಿ. ಹಂಗಾಗಿ ಟೇಬಲ್ ಮೇಲೆ 3 ಆಂಪಿಯರ್ ಹತ್ತಿರ ಹರೀತೈತಿ. ಸುತ್ತು ಗುಣಿಸು ಆಂಪಿಯರ್ ಮಾಡಿದ್ರೆ 440ರ ಸುಮಾರು, ಅದಕ್ಕೇ ಜೋರು. ಈಗ ಲೈನು: ಹೋಗಿ ಬರೋಕೆ 120 ಮೀಟರ್, ಅದರ ರೋಧ 8 ಓಮ್ ಮೇಲೆ. ಕರೆಂಟು 0.6 ಆಂಪಿಯರಿಗೆ ಇಳೀತು, ಗುಣಲಬ್ಧ 90 ಕೂಡ ಮುಟ್ಟಲ್ಲ. ಪಟ್ಟಿ ನಡುಗೋದು ಅಷ್ಟಕ್ಕೇ. ಚೌಕ ಬ್ಯಾಟರಿಯ ಒಳರೋಧ ಇನ್ನೂ ಹೆಚ್ಚು, ಅದನ್ನ ಮರೆತುಬಿಡ್ರಿ.

ಟೆಲಿಗ್ರಾಫ್ ಮಾಡಿದ ಅಮೆರಿಕದ ಸ್ಯಾಮುಯೆಲ್ ಮಾರ್ಸ್‌ಗೂ ಶುರುವಿನಲ್ಲಿ ಇದೇ ತೊಂದರೆ ಆಗಿತ್ತು. ಗೇಲ್ ಅನ್ನೋ ರಸಾಯನಶಾಸ್ತ್ರದ ಪ್ರೊಫೆಸರು ವಿಜ್ಞಾನಿ ಜೋಸೆಫ್ ಹೆನ್ರಿಯ ಲೇಖನ ಓದಿದ್ರು. ಸೆಲ್ಲುಗಳನ್ನ ಸಾಲಾಗಿ ಜೋಡಿಸು, ಸುತ್ತು ಹೆಚ್ಚಿಸು ಅಂತ ಅವರು ಹೇಳಿದ ಮೇಲೇ ಅದು ಮೈಲಿಗಟ್ಟಲೆ ತಂತಿ ದಾಟಿದ್ದು. ಹೆನ್ರಿ 1831ರಲ್ಲೇ ಆಲ್ಬನಿಯಲ್ಲಿ ಒಂದು ಮೈಲಿಗೂ ಹೆಚ್ಚು ತಂತಿಯ ಆಚೆ ಗಂಟೆ ಬಾರಿಸಿದ್ದ.

ನೀವು ಮಾಡೋದು ಇಷ್ಟು. 36 ಗೇಜ್ ತಂತಿ, 1200 ಸುತ್ತು, 40 ಎಂಎಂ ಉದ್ದಕ್ಕೆ. ತಂತಿ ಸುಮಾರು 34 ಮೀಟರ್, ತೂಕ 10 ಗ್ರಾಂ ಒಳಗೆ. ಪಂಪ್‌ಸೆಟ್ ಮೋಟಾರ್ ಸುತ್ತೋ ಅಂಗಡಿಯಲ್ಲಿ ಇಷ್ಟಕ್ಕೆ ಬಿಲ್ ಬರೆಯೋಕೂ ನಾಚ್ತಾರೆ. ಮೊದಲು ಕಬ್ಬಿಣಕ್ಕೆ ಎರಡು ಸುತ್ತು ಕಾಗದ ಅಂಟಿಸ್ರಿ, ಎರಡೂ ತುದಿಗೆ ರಟ್ಟಿನ ಬಿಲ್ಲೆ. ಸುತ್ತುವಾಗ ಜಗ್ಗಬ್ಯಾಡ್ರಿ, 36 ಗೇಜ್ ಕೂದಲಿನಂಗೆ ಕಿತ್ತು ಬರ್ತೈತಿ. ತುದಿಯ ಎನಾಮಲ್ ಹೊಳಪು ಬರೋತನಕ ಉಪ್ಪುಕಾಗದದಿಂದ ಉಜ್ಜಿ ಬೆಸುಗೆ ಹಾಕ್ರಿ, ಅರ್ಧ ಮಾದರಿ ಕೆಡೋದು ಇಲ್ಲೇ. ಮೀಟರಿನಲ್ಲಿ 20 ಓಮ್ ಹತ್ತಿರ ತೋರಿಸ್ಬೇಕು. ತುದಿಗೂ ಕಬ್ಬಿಣಕ್ಕೂ ನಡುವೆ ಏನೂ ತೋರಿಸಬಾರದು. ಈಗ ಲೈನಿನ ಮೇಲೆ 0.2 ಆಂಪಿಯರ್ ಹರಿದ್ರೂ ಗುಣಲಬ್ಧ 240 ಆಯ್ತು. ಮೊದಲಿನ ಮೂರನೇ ಒಂದು ಪಾಲು ಕರೆಂಟು, ಎರಡೂವರೆ ಪಟ್ಟು ಗುಣಲಬ್ಧ.

ಅಂಟಿಕೊಳ್ಳೋದಕ್ಕೆ ಕಾರಣ ಬೋಲ್ಟು. ತಲೆ ಮೇಲೆ 8.8 ಅಂತ ಇದ್ರೆ ಅದು ಗಟ್ಟಿ ಉಕ್ಕು, ಕರೆಂಟು ಹೋದ್ರೂ ಕಾಂತತ್ವ ಬಿಡಲ್ಲ. ಸ್ಲ್ಯಾಬಿಗೆ ಸರಳು ಕಟ್ಟೋ ಬೈಂಡಿಂಗ್ ವೈರ್ ಇದಕ್ಕೆ ಹೇಳಿ ಮಾಡಿಸಿದ್ದು, ಅದು ಮೆತ್ತನೆ ಕಬ್ಬಿಣ. 50 ಎಂಎಂ ಉದ್ದದ ಹದಿನೇಳೆಂಟು ತುಂಡು ನೆಟ್ಟಗೆ ಮಾಡಿ ಕಂತೆ ಕಟ್ರಿ, 6 ಎಂಎಂ ದಪ್ಪ ಆಗ್ತೈತಿ. ತಲೆಗೆ ಒಂದು ಪದರ ಸೆಲ್ಲೋಟೇಪ್.

ರಾಯಚೂರು ರಿಲೇ:
ವೈಂಡಿಂಗ್ ಅಣ್ಣನ ಲೆಕ್ಕ ಸರಿ ಅದ, ಆದ್ರ ಹಳೇ ಸುರುಳಿ ಬಿಚ್ಚಬ್ಯಾಡ್ರಿ. ಅದನ್ನ ಆಫೀಸ್ ರೂಮಿನ ಕಡೆ ಇಡ್ರಿ, ಅದರ ಪಕ್ಕದಾಗೇ ಆ 4 ಸೆಲ್. ಲೈನಿನ ಕೊನೆಗೆ 12 ವೋಲ್ಟಿನ ಸಣ್ಣ ರಿಲೇ (ಕರೆಂಟು ಬಂದ್ರ ತಾನೇ ಒತ್ತಿಕೊಳ್ಳೋ ಸ್ವಿಚ್) ಹಾಕ್ರಿ, ಸ್ಟೆಬಿಲೈಸರಿನಾಗೆ ಇರೋ ಐದು ಕಾಲಿಂದು. ಅದರ ಕಾಯಿಲ್ (ಒಳಗಿನ ಸುರುಳಿ) 400 ಓಮ್, ಲ್ಯಾಬಿನಿಂದ 12 ವೋಲ್ಟ್ ಕೊಟ್ರ ಹರಿಯೋದು 30 ಮಿಲಿಆಂಪಿಯರ್. ನಿಮ್ಮ 8 ಓಮ್ ಲೈನು ಅದಕ್ಕೆ ಲೆಕ್ಕಕ್ಕೇ ಇಲ್ಲ, ತಿನ್ನೋದು ಕಾಲು ವೋಲ್ಟ್. ಕಾಮನ್ ಮತ್ತು ಎನ್‌ಓ (ರಿಲೇ ಎಳೆದಾಗ ಕಾಮನ್‌ಗೆ ಕೂಡೋದು; ಎಳೆಯದಿದ್ದಾಗ ಕೂಡಿರೋದು ಎನ್‌ಸಿ) ಕಾಲಿನ ಮೂಲಕ ಹಳೇ ಸುರುಳಿಗೆ ಸೆಲ್ ಕೊಡ್ರಿ. ಲ್ಯಾಬಿನಿಂದ ಬಂದ ಬಡಕಲು ಕರೆಂಟು ಬರೇ ಬಾಗಿಲು ತೆಗೀತದ, ಗುದ್ದೋದು ಇಲ್ಲಿನ ಸೆಲ್.

ಹೆನ್ರಿ 1835ರ ಸುಮಾರಿಗೆ ಪ್ರಿನ್ಸ್‌ಟನ್ನಿನಾಗೆ ಮಾಡಿದ್ದು ಇದೇ ಜೋಡಿ: ಸುತ್ತು ಹೆಚ್ಚಿರೋ ಸುರುಳಿ ಲೈನಿಗೆ, ದಪ್ಪ ತಂತಿಯ ಸುರುಳಿ ಕೆಲಸಕ್ಕೆ. 1844ರ ಮೇ 24ಕ್ಕೆ ವಾಷಿಂಗ್ಟನ್‌ದಿಂದ ಬಾಲ್ಟಿಮೋರಿಗೆ ಸುದ್ದಿ ಹೋಗಿದ್ದನ್ನ ಎಲ್ಲಾ ಪುಸ್ತಕನೂ ಹೇಳ್ತಾವ, ರಿಲೇ ಹೆಸರು ಅಡಿಟಿಪ್ಪಣಿಗೆ ಬೀಳ್ತದ. ನನ್ನ ಕೇಳಿದ್ರ ಮಾರ್ಸ್ ಕೋಡ್‌ಗಿಂತ ರಿಲೇ ದೊಡ್ಡದು.

ಮಿತಿನೂ ಹೇಳ್ತೀನಿ. ಇಂಥ ರಿಲೇ ಎಳೆಯೋಕೆ ಕಾಯಿಲ್ ಮೇಲೆ 9 ವೋಲ್ಟ್ ಬೇಕು. ಅದೇ ವೈರು 1 ಕಿಲೋಮೀಟರ್ ಎಳೆದ್ರ ರೋಧ 138 ಓಮ್ ಆಗಿ ಕಾಯಿಲಿಗೆ 8.9 ಸಿಗ್ತದ. ಅಂಚಿನಾಗೆ ಕೈಕೊಡ್ತದ, ಒಮ್ಮೆ ಎಳೀತದ ಒಮ್ಮೆ ಇಲ್ಲ.

ಕುಷ್ಟಗಿ ಮೇಷ್ಟ್ರು:
ಧನ್ಯವಾದ. ರಿಲೇಯಿಂದ ಕಂಪ್ಯೂಟರ್ ತನಕ ಹೆಂಗೆ ಬಂತು ಅಂತ ಚಾರ್ಟ್ ಅಂಟಿಸೋ ಬದಲು ಏನಾದ್ರೂ ನಡೆಯೋ ಮಾದರಿ ತೋರಿಸಬಹುದಾ?

ಬಳ್ಳಾರಿ ಟೂ-ವೇ:
ಎರಡು ರಿಲೇ ಸಾಕು ಸರ್. ಮೆಟ್ಟಿಲ ದೀಪಕ್ಕೆ ಕೆಳಗೊಂದು ಮೇಲೊಂದು ಟೂ-ವೇ ಸ್ವಿಚ್ ಹಾಕ್ತೀವಲ್ಲ, ಅದೇ ಕೂಡಿಸೋ ಯಂತ್ರ. ಒಂದೇ ಸ್ವಿಚ್ ತಿರುಗಿದ್ರೆ ದೀಪ ಹತ್ತುತ್ತೆ, ಎರಡೂ ತಿರುಗಿದ್ರೆ ಆರುತ್ತೆ. ಎರಡರ ಲೆಕ್ಕದಲ್ಲಿ (ಬೈನರಿ, 0 ಮತ್ತು 1 ಮಾತ್ರ) 1 ಕೂಡಿಸು 1 ಅಂದ್ರೆ ಆ ಸ್ಥಾನದಲ್ಲಿ 0, ಕೈಲಿ ಒಂದು.

12 ವೋಲ್ಟಿನ ಎಂಟು ಕಾಲಿನ ರಿಲೇ ಎರಡು ತಗೊಳ್ಳಿ, ಒಂದೊಂದರಲ್ಲಿ ಎರಡೆರಡು ಜೋಡಿ ಸಂಪರ್ಕ ಇರುತ್ತೆ. ಅ, ಆ ಅಂತ ಕರೆಯೋಣ, ಒಂದೊಂದರ ಕಾಯಿಲಿಗೂ ಒಂದೊಂದು ಬಟನ್. ಅ-ದ ಮೊದಲ ಕಾಮನ್‌ಗೆ ಪ್ಲಸ್. ಅ-ದ ಎನ್‌ಓ ಆ-ದ ಎನ್‌ಸಿಗೆ, ಅ-ದ ಎನ್‌ಸಿ ಆ-ದ ಎನ್‌ಓಗೆ, ಅಡ್ಡಡ್ಡ. ಆ-ದ ಕಾಮನ್ ಹಸಿರು ಎಲ್‌ಇಡಿಗೆ, ಅದು ಮೊತ್ತ. ಎರಡನೇ ಜೋಡಿಯಲ್ಲಿ ಪ್ಲಸ್ ಅ-ದ ಕಾಮನ್‌ಗೆ, ಅದರ ಎನ್‌ಓ ಆ-ದ ಕಾಮನ್‌ಗೆ, ಆ-ದ ಎನ್‌ಓ ಕೆಂಪು ಎಲ್‌ಇಡಿಗೆ. ಅದು ಕೈಲಿ ಒಂದು. ಎಲ್‌ಇಡಿಗೆ ತಲಾ 1 ಕಿಲೋಓಮ್ ರೆಸಿಸ್ಟರ್. ಕಾಲುಗಳ ಕ್ರಮ ಕಂಪನಿಗೊಂದು ಥರ, ಬೆಸುಗೆಗೆ ಮೊದಲು ಮೀಟರ್ ಹಿಡಿದು ಗುರುತು ಹಾಕಿ. ಒಂದೇ ಬಟನ್ ಒತ್ತಿದಾಗ ಕೆಂಪೂ ಹತ್ತಿದ್ರೆ ಎನ್‌ಓ, ಎನ್‌ಸಿ ಅದಲುಬದಲಾಗಿದೆ ಅಂತ.

ಅಮೆರಿಕದ ಬೆಲ್ ಲ್ಯಾಬ್ಸಿನ ಜಾರ್ಜ್ ಸ್ಟಿಬಿಟ್ಜ್ 1937ರ ನವೆಂಬರಿನಲ್ಲಿ ಅಡುಗೆಮನೆ ಮೇಜಿನ ಮೇಲೆ ಕಟ್ಟಿದ್ದು ಇಂಥದ್ದನ್ನೇ, ಎರಡು ರಿಲೇ, ಟಾರ್ಚ್ ಬಲ್ಬು, ತಂಬಾಕು ಡಬ್ಬಿಯ ತಗಡು. ಅದೇ ವರ್ಷ ಕ್ಲಾಡ್ ಶಾನನ್ ತನ್ನ ಎಂಐಟಿ ಪ್ರಬಂಧದಲ್ಲಿ ಸಂಪರ್ಕಗಳ ಜೋಡಣೆಯನ್ನ ಬೂಲನ ಬೀಜಗಣಿತದಲ್ಲಿ (ಹೌದು-ಅಲ್ಲಗಳ ಲೆಕ್ಕ) ಬರೀಬಹುದು ಅಂತ ತೋರಿಸಿದ. ಸಾಲಾಗಿ ಜೋಡಿಸಿದ್ರೆ 'ಮತ್ತು', ಪಕ್ಕಪಕ್ಕ ಜೋಡಿಸಿದ್ರೆ 'ಅಥವಾ'. 1940ರ ಸೆಪ್ಟೆಂಬರ್ 11ರಂದು ಸ್ಟಿಬಿಟ್ಜ್ ಡಾರ್ಟ್‌ಮತ್ ಕಾಲೇಜಿನಲ್ಲಿ ಟೆಲಿಟೈಪ್ (ತಂತಿ ಮೂಲಕ ಬರೆದು ಕಳಿಸೋ ಟೈಪ್‌ರೈಟರ್) ಇಟ್ಟು, ನ್ಯೂಯಾರ್ಕಿನಲ್ಲಿದ್ದ ರಿಲೇ ಯಂತ್ರದಿಂದ ಲೆಕ್ಕ ಮಾಡಿಸಿದ. ನಿಮ್ಮ ಮಾದರಿಯಲ್ಲೂ ಅದನ್ನ ತೋರಿಸಿ: ಬಟನ್ ಲ್ಯಾಬಿನಲ್ಲಿ, ರಿಲೇ ಆಫೀಸ್ ರೂಮಿನಲ್ಲಿ. ಎರಡು ಬಟನ್‌ಗೆ ಮೂರೆಳೆ ವೈರ್ ಬೇಕು, ಮೈನಸ್ ಒಂದೇ ಸಾಕು.

ಪಾರದರ್ಶಕ ಮುಚ್ಚಳದ ರಿಲೇ ಸಿಕ್ರೆ ಅದೇ ತಗೊಳ್ಳಿ. ಮಕ್ಕಳಿಗೂ ಕಾಣುತ್ತೆ, ನಮ್ಮೂರ ಧೂಳೂ ಒಳಗೆ ಹೋಗಲ್ಲ. 1947ರಲ್ಲಿ ಹಾರ್ವರ್ಡ್ ಮಾರ್ಕ್ 2 ಕಂಪ್ಯೂಟರಿನ ರಿಲೇಯಲ್ಲಿ ಪತಂಗ ಸಿಕ್ಕಿದ್ದು ನಿಜ. ಆದ್ರೆ ಯಂತ್ರದ ದೋಷಕ್ಕೆ 'ಬಗ್' (ಹುಳ) ಅನ್ನೋ ಮಾತು ಹುಟ್ಟಿದ್ದು ಅಲ್ಲಲ್ಲ, ಎಡಿಸನ್ 1878ರಲ್ಲೇ ಬಳಸಿದ್ದ.

ಸಿಂಧನೂರು ಎರೆ:
ಎರಡನೇ ತಂತಿ ಬದಲು ನೆಲ ಬಳಸಿ ತೋರಿಸ್ರಿ, 1838ರಾಗ ಜರ್ಮನಿಯ ಸ್ಟೈನ್‌ಹೈಲ್ ಕಂಡುಕೊಂಡದ್ದು. ಎರಡೂ ಕಡೆ 1 ಮೀಟರ್ ಸಲಾಕೆ ಬಡೀರಿ. ಹಸಿ ಎರೆ ಭೂಮಿ ಛಲೋ ಹರಿಸ್ತದ, ಒಣ ಕೆಂಪು ಮಸಾರಿ ಹರಿಸಲ್ಲ. ಬೇಸಿಗಿಯಾಗ ಎರೆ ಬಿರುಕು ಬಿಟ್ರ ಸಲಾಕೆಗೂ ಮಣ್ಣಿಗೂ ನಂಟೇ ಇರಲ್ಲ, ಉಪ್ಪುನೀರು ಹಾಕಿ ತುಳೀರಿ. ನೆಲದ ರೋಧ ಓಮ್‌ಮೀಟರಿನಾಗ ಅಳೀಬ್ಯಾಡ್ರಿ, ಕಬ್ಬಿಣ ಮಣ್ಣು ಸೇರಿ ತಾವೇ ಸಣ್ಣ ಬ್ಯಾಟರಿ ಆಗಿರ್ತಾವ, ಪ್ರೋಬ್ ತಿರುಗಿಸಿದ್ರ ಬ್ಯಾರೆ ಅಂಕಿ. ರಿಲೇ ಕರೆಂಟು ನೋಡ್ರಿ, 22.5 ಮಿಲಿಆಂಪಿಯರ್ ದಾಟಬೇಕು. ಕಟ್ಟಡದ ಅರ್ಥಿಂಗ್ ಸಲಾಕೆ, ಮೂರು ಪಿನ್ನಿನ ಸಾಕೆಟ್ ಎರಡನ್ನೂ ಮುಟ್ಟೋ ಹಂಗೇ ಇಲ್ಲ.

ರಾಯಚೂರು ರಿಲೇ:
ಒಂದು ಬಿಟ್ಟಿದ್ದೆ. ಎಲ್ಲಾ ಕಾಯಿಲಿಗೂ ಅಡ್ಡ 1ಎನ್4007 ಡಯೋಡ್ ಹಾಕ್ರಿ, ಬೆಳ್ಳಿ ಪಟ್ಟಿ ಪ್ಲಸ್ ಕಡೆ. ಇಲ್ಲಾಂದ್ರ ಕೀ ಬಿಡುವಾಗ ಕಿಡಿ ಹಾರಿ ಸಂಪರ್ಕ ಕಪ್ಪಾಗ್ತದ. ಹಳೇ ಸುರುಳಿಗಂತೂ ಬೇಕೇ ಬೇಕು, ಅಲ್ಲಿ 3 ಆಂಪಿಯರ್ ಅದ. ಡಯೋಡ್ ಇದ್ರ ರಿಲೇ ಬಿಡೋದು ಕೆಲವು ಮಿಲಿಸೆಕೆಂಡ್ ತಡ. ಹುಡುಗರು ನಿಮಿಷಕ್ಕೆ 5 ಪದ ಬಡಿದ್ರ ಒಂದು ಚುಕ್ಕಿ 240 ಮಿಲಿಸೆಕೆಂಡ್, ಆ ತಡ ಗೊತ್ತೇ ಆಗಲ್ಲ. ಕೀ ಒತ್ತಿ ಹಿಡಿದುಕೊಂಡು ಮಾತಾಡ್ತಾ ನಿಲ್ಲಬಾರದು ಅಂತ ಮಾತ್ರ ಹೇಳ್ರಿ, ಸೆಲ್ ಮಧ್ಯಾಹ್ನದೊಳಗ ಖಾಲಿ ಆಗ್ತಾವ.