ಬೆಂಚಿಗೆ ಫಿಟ್ ಆದವನು

ಜೂನ್ ಕೊನೆಯ ಜಿಟಿಜಿಟಿ ಮಳೆ. ಬೆಳಗಿನ ಏಳಕ್ಕೆ ಮಾಳಮಡ್ಡಿಯ ಚಹಾದ ಅಂಗಡಿಗೆ ಬಂದ ಗುರ್ಯಾನ ಕಣ್ಣು ಕೆಂಪಗಿದ್ದವು.

"ನಿದ್ದೆ ಇಲ್ಲೇನೋ?" ವೆಂಕಣ್ಣ ಮಾಸ್ತರರು ಕೇಳಿದರು.

"ಐದಕ್ಕೇ ಎದ್ದೆ ಸರ್. ಅಮೆರಿಕದಲ್ಲಿ ಎನ್‌ಬಿಎ ಡ್ರಾಫ್ಟ್ ಇತ್ತು. ಬಾಸ್ಕೆಟ್‌ಬಾಲ್ ಟೀಮುಗಳು ಪಾಳಿ ಪ್ರಕಾರ ಹೊಸ ಹುಡುಗರನ್ನ ಆರಿಸೋದು. ನಮ್ಮ ಟೀಮಿನವರು ಭಾಳ ಶಾಣ್ಯಾರು. ಪ್ರತಿಭೆ ಸ್ವಲ್ಪ ಕಡಿಮೆ ಇದ್ದರೂ ಟೀಮಿಗೆ ಫಿಟ್ ಆಗೋ ಹುಡುಗನನ್ನೇ ತಗೊಂಡರು."

'ನಮ್ಮ ಟೀಮು' ಧಾರವಾಡದಿಂದ ಎಷ್ಟು ದೂರ ಅಂತ ಯಾರೂ ಕೇಳಲಿಲ್ಲ. ಆದರೆ 'ಫಿಟ್' ಅಂದದ್ದೇ ತಡ, ರಾಚಪ್ಪ ಕಪ್ಪು ಕೆಳಗಿಟ್ಟ. ನಲವತ್ತು ವರ್ಷದಿಂದ ಪಕ್ಕದ ಮಳಿಗೆಯಲ್ಲಿ ಪ್ಯಾಂಟು ಹೊಲಿಯುವ ಮನುಷ್ಯ. ತನ್ನ ಕಸುಬಿನ ಮಾತನ್ನು ಊರೆಲ್ಲ ಕದ್ದಿದೆ ಅನ್ನೋದು ಅವನ ಸಿಟ್ಟು. ಈಗ ಸೊಸೆ ಫಿಟ್ ಆಗಬೇಕು, ಆಫೀಸಿಗೆ ಬಂದ ಹುಡುಗ ಫಿಟ್ ಆಗಬೇಕು. ಮೊನ್ನೆ ಯಾರೋ ನಾಯಿಮರಿಯನ್ನೂ ಫ್ಯಾಮಿಲಿಗೆ ಫಿಟ್ ಆಗಲಿಲ್ಲ ಅಂತ ವಾಪಸ್ ಕೊಟ್ಟರಂತೆ.

"ಹೆಂಗೆ ಆರಿಸ್ತಾರೋ ಹುಡುಗರನ್ನ?"

"ಸೋತ ಟೀಮುಗಳಿಗೆ ಮೊದಲ ಪಾಳಿ ರಾಚಪ್ಪಣ್ಣ. ಅದಕ್ಕೂ ಮುಂಚೆ ಬೂಟು ಬಿಚ್ಚಿಸಿ ಎತ್ತರ ಅಳೀತಾರೆ. ಎರಡೂ ಕೈ ಚಾಚಿಸಿ ಬೆರಳಿನ ತುದಿಯಿಂದ ತುದಿಗೆ ಅಳೀತಾರೆ."

"ಸೊಂಟ?"

"ಸೊಂಟ ಇಲ್ಲ."

"ಸೊಂಟ ಬಿಟ್ಟು ಫಿಟ್ಟು ನೋಡ್ತಾರಂತೆ! ಇರಲಿ. ಹಿಂದೆ ಹಿಂಗೆ ನೋಡಿ ತಗೊಂಡು ಉದ್ಧಾರ ಆದವರು ಯಾರು?"

ಗುರ್ಯಾ ಸುಳ್ಳು ಹೇಳೋ ಹುಡುಗ ಅಲ್ಲ. ಅದೇ ಅವನ ಕಷ್ಟ. "1984ರಲ್ಲಿ ಪೋರ್ಟ್‌ಲ್ಯಾಂಡ್‌ನವರದ್ದು ಎರಡನೇ ಪಾಳಿ. ಹೊರಗಿನಿಂದ ಆಡೋ ಗಾರ್ಡ್ ಜಾಗಕ್ಕೆ ಹಿಂದಿನ ವರ್ಷವೇ ಡ್ರೆಕ್ಸ್ಲರ್ ಅನ್ನೋ ಹುಡುಗ ಬಂದಿದ್ದ. ಬೇಕಾಗಿದ್ದದ್ದು ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ನಿಲ್ಲೋ ಎತ್ತರದ ಆಟಗಾರ. ಸ್ಯಾಮ್ ಬೋವಿಯನ್ನ ತಗೊಂಡರು. ಮೂರನೇ ಪಾಳಿ ಶಿಕಾಗೋದವರದ್ದು. ಅವರಿಗೆ ಮೈಕೆಲ್ ಜೋರ್ಡಾನ್ ಸಿಕ್ಕ."

"ಬೂಟಿನ ಮೇಲಿನ ಚಿತ್ರದಲ್ಲಿ ಹಾರ್ತಾನಲ್ಲ, ಅವನೇ?" ಮಾಸ್ತರರು ಕೇಳಿದರು.

"ಅವನೇ ಸರ್. ಬೋವಿಗೆ ಕಾಲಿನ ಪೆಟ್ಟೇ ಮುಗಿಯಲಿಲ್ಲ. ಜೋರ್ಡಾನ್ ಆರು ಸಲ ಚಾಂಪಿಯನ್ ಆದ. 1992ರ ಫೈನಲ್‌ನಲ್ಲಿ ಸೋಲಿಸಿದ್ದೂ ಇದೇ ಪೋರ್ಟ್‌ಲ್ಯಾಂಡನ್ನೇ. ಡ್ರೆಕ್ಸ್ಲರ್ ಎದುರಿಗೇ ಇದ್ದ."

"ಮನೆಯಲ್ಲಿ ಒಂದು ಚಲೋ ಅಂಗಿ ಇದೆ ಅಂತ ರೇಷ್ಮೆ ಅರಿವೆ ಬಿಟ್ಟು ಪರದೆ ಬಟ್ಟೆ ತಂದರು" ಅಂದ ರಾಚಪ್ಪ.

ಮಾಸ್ತರರಿಗೆ ಇದು ಅನ್ಯಾಯ ಅನ್ನಿಸಿತು. "ಎಲ್ಲರೂ ಭೀಮಸೇನ ಜೋಶಿ ಆದರೆ ತಂಬೂರಿ ಹಿಡಿಯೋರು ಯಾರಪ್ಪಾ?"

"ತಂಬೂರಿಯವರು ಓಣಿಗೊಬ್ಬರು ಸಿಗ್ತಾರೆ ಸರ್. ರೋಣದಲ್ಲಿ ಜೋಶಿಯವರು ಹುಟ್ಟಿದ್ದು ಒಂದೇ ಸಲ" ಅಂದ ರಾಚಪ್ಪ.

ಗುರ್ಯಾ ಮಿರ್ಚಿಯ ತೊಟ್ಟು ಎತ್ತಿ ಹಿಡಿದ. "ಗಿರ್ಮಿಟ್ ಜೊತೆ ಇದೇ ಬೇಕು ತಾನೇ? ಪೇಡೆ ಎಷ್ಟೇ ಚಲೋ ಇರಲಿ, ಗಿರ್ಮಿಟ್ ಜೊತೆ ಕಲಸ್ತೀರಾ?"

"ಕಲಸು ಅಂದವರು ಯಾರೋ? ಪೇಡೆ ಕೊಟ್ಟರೆ ಕಿಸೆಯಲ್ಲಿ ಇಟ್ಕೋ. ಗಿರ್ಮಿಟ್ ಮುಗಿದ ಮೇಲೆ ತಿನ್ನು."

"ಹಂಗಾದರೆ ಡೆಟ್ರಾಯಿಟ್ ಕಥೆ ಕೇಳಿ. 2003ರಲ್ಲಿ ಅವರದ್ದೂ ಎರಡನೇ ಪಾಳಿ. ಕಾರ್ಮೆಲೊ ಆಂಥನಿ ಸಿಗ್ತಿದ್ದ. ಆದರೆ ಆ ಜಾಗದಲ್ಲಿ ಅವರ ಹತ್ತಿರ ಆಗಲೇ ಪ್ರಿನ್ಸ್ ಅನ್ನೋ ಆಟಗಾರ ಇದ್ದ. ಡಾರ್ಕೊ ಮಿಲಿಚಿಚ್ ಅನ್ನೋ ಎತ್ತರದ ಹುಡುಗನನ್ನ ತಗೊಂಡರು. ಮರುವರ್ಷ, 2004ರಲ್ಲಿ, ಚಾಂಪಿಯನ್! ಈಗೇನಂತೀರಿ?"

ರಾಚಪ್ಪ ತಣ್ಣಗೆ ಕೇಳಿದ. "ಆ ಹುಡುಗ ಆಡಿದನೇನು?"

ಗುರ್ಯಾ ಛತ್ತು ನೋಡಿದ. "ಜಾಸ್ತಿ ಬೆಂಚ್ ಮೇಲೇ ಇದ್ದ."

"ಮತ್ತೇನು! ಬೆಂಚಿಗೆ ಫಿಟ್ ಆದ."

ಚಹಾ ಸೋಸುತ್ತಿದ್ದ ಹುಡುಗ ನಕ್ಕು ಅರ್ಧ ಚಹಾ ಒಲೆಗೆ ಸುರಿದ. ಮಾಸ್ತರರೂ ಪಕ್ಷ ಬದಲಿಸಿದರು. ಅವರು ಮೊದಲಿಂದಲೂ ಹಾಗೆಯೇ, ಗೆದ್ದವರ ಕಡೆ.

ಗುರ್ಯಾ ಕೊನೆಗೆ ತಾನೇ ಒಪ್ಪಿಕೊಂಡ. 2014ರಲ್ಲಿ ಡೆನ್ವರ್‌ಗೆ ಒಂದೇ ಡ್ರಾಫ್ಟ್‌ನಿಂದ ಇಬ್ಬರು ಸೆಂಟರ್ ಬಂದರು. ನುರ್ಕಿಚ್ ಮೊದಲ ಸುತ್ತಿನವನು. ಯೋಕಿಚ್ 41ನೇ ಪಾಳಿಯವನು. ಅವನ ಹೆಸರು ಕರೆದಾಗ ಟೀವಿಯಲ್ಲಿ ತಿಂಡಿಯ ಜಾಹೀರಾತು ಓಡ್ತಿತ್ತು. ಇಬ್ಬರನ್ನೂ ಜೊತೆಗೆ ಆಡಿಸಿ ನೋಡಿದರು, ಕೂಡಲಿಲ್ಲ. ನುರ್ಕಿಚ್‌ನನ್ನ ಬೇರೆ ಟೀಮಿಗೆ ಕಳಿಸಿ ಯೋಕಿಚ್‌ನ ಸುತ್ತ ತಂಡ ಕಟ್ಟಿದರು. 2023ರಲ್ಲಿ ಗೆದ್ದರು.

"ಅದನ್ನೇ ಬೆಳಿಗ್ಗೆಯಿಂದ ಬಡ್ಕೊಳ್ತಿರೋದು. ಫಿಟ್ಟು ಟೇಲರ್ ಹತ್ತಿರ ಸಿಗುತ್ತೆ. ಅರಿವೆ ಸಿಗಲ್ಲ. ಉದ್ದ ಇದ್ದರೆ ಮಡಚಬಹುದು, ಗಿಡ್ಡ ಇದ್ದರೆ ಏನು ಜಗ್ತೀಯಾ?"

"ಅಲ್ಲ ರಾಚಪ್ಪಣ್ಣ, ಯಾರೋ ಎಲ್ಲೋ ಚೆಂಡು ಆಡಿದರೆ ನಿಮಗ್ಯಾಕೆ ಇಷ್ಟು ಸಿಟ್ಟು?"

ರಾಚಪ್ಪ ಕೊರಳಿನ ಟೇಪನ್ನ ಬೆರಳಿಗೆ ಸುತ್ತಿಕೊಂಡ. ಬಿಚ್ಚಿದ. ಮತ್ತೆ ಸುತ್ತಿಕೊಂಡ.

"ಹುಬ್ಬಳ್ಳಿಯಲ್ಲಿ ಒಂದು ನಾಟಕ ಕಂಪನಿ ಕ್ಯಾಂಪ್ ಹಾಕಿತ್ತು. ರಾಜಾಪಾರ್ಟಿಗೆ ಹುಡುಗ ಬೇಕು ಅಂದರು. ಹೋಗಿ ಹಾಡಿದೆ. ಮಾಲಕರು ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದು ನನ್ನ ಎತ್ತರ ನೋಡಿದರು. 'ದನಿ ಭಾಳ ಚಲೋ ಇದೆ, ನಮ್ಮ ರಾಣಿ ಗಿಡ್ಡ, ಜೋಡಿ ಫಿಟ್ ಆಗಲ್ಲ' ಅಂದರು. ಹೊಲಿಗೆ ಬರುತ್ತೆ ಅಂದಿದ್ದೆನಲ್ಲ, ರಾಜನ ಅಂಗಿ ಹೊಲಿಯೋ ಕೆಲಸ ಕೊಟ್ಟರು."

ಯಾರೂ ನಗಲಿಲ್ಲ.

"ನನ್ನ ಅಳತೆಗೇ ಕತ್ತರಿಸಿದೆ. ರಾಜನ ಪಾರ್ಟು ಸಿಕ್ಕವನು ನನಗಿಂತ ಗಿಡ್ಡ. ತೋಳಿನಲ್ಲಿ ಎರಡು ಇಂಚು ಒಳಗೆ ಮಡಚಿ, ಕಚ್ಚಾ ಹೊಲಿಗೆ ಹಾಕಿದೆ. ಎಳೆದರೆ ಬಿಚ್ಚೋ ಹಂಗೆ."

"ಬಿಚ್ಚೋ ಪ್ರಸಂಗ ಬಂತೇನು?"

"ಕಂಪನಿ ಗದಗಿಗೆ ಹೋಯಿತು. ಅಂಗಿ ಪೆಟ್ಟಿಗೆಯಲ್ಲಿ ಹೋಯಿತು."

ಮಳೆ ಸ್ವಲ್ಪ ನಿಂತಿತ್ತು. ರಾಚಪ್ಪ ಎದ್ದು ಅಂಗಡಿಯ ಕೀಲಿ ಹುಡುಕಿದ.

"ಗುರ್ಯಾ, ಸಂಜೆ ಬಂದು ಪ್ಯಾಂಟು ತಗೊಂಡು ಹೋಗು. ಸೊಂಟದಲ್ಲಿ ಒಂದು ಇಂಚು ಒಳಗೆ ಬಿಟ್ಟಿದ್ದೀನಿ. ನಿದ್ದೆಗೆಟ್ಟು ಕೂತು ತಿನ್ನೋನು ನೀನು."