ಸಹಾಯ ಬೇಕು: ಬಾಣಂತಿ ಸೊಂಟನೋವು, ಕೂಸಿನ ಕುತ್ತಿಗೆ

ನಮಸ್ಕಾರ ರೀ. ತಂಗಿ ಬಾಣಂತನಕ್ಕೆ ಕಲಬುರಗಿಗೆ, ತವರಿಗೆ ಬಂದಿದ್ದಾಳೆ. ಹೆರಿಗೆಯಾಗಿ 7 ವಾರ. ಬಸುರಿಯಿದ್ದಾಗ ಶುರುವಾದ ಸೊಂಟನೋವು ಇನ್ನೂ ಹೋಗಿಲ್ಲ, ಮಗ್ಗುಲು ಬದಲಿಸಿದರೂ ನರಳುತ್ತಾಳೆ. ಕೂಸು ಯಾವಾಗಲೂ ಬಲಕ್ಕೇ ಕತ್ತು ತಿರುಗಿಸುತ್ತದೆ. ಮಕ್ಕಳ ಡಾಕ್ಟರು ನೋಡಿ, ಕುತ್ತಿಗೆ ಸ್ನಾಯು ಬಿಗಿಯಾಗಿದೆ, ಫಿಸಿಯೋಥೆರಪಿ ಮಾಡಿಸಿ ಎಂದಿದ್ದಾರೆ.

ಅವಳ ಗಂಡ ಆಸ್ಟಿಯೋಪತಿ ಅನ್ನುತ್ತಾರೆ. ಅಮೆರಿಕದಲ್ಲಿ 1874ರಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಶುರು ಮಾಡಿದ ಪದ್ಧತಿ, ಸ್ನಾಯು ಕೀಲುಗಳಿಗೆ ಕೈಯಿಂದಲೇ ಚಿಕಿತ್ಸೆ. ಎಳೆಗೂಸಿಗೆ ಅದು ಬೇಕಾ? ನನಗಂತೂ ಧೈರ್ಯವಿಲ್ಲ. ಅವ್ವ ಬೇರೆ, ಎಣ್ಣೆ ತಿಕ್ಕುವ ಅಜ್ಜಿಯಿಂದ ಕತ್ತು ಎಳೆಸೋಣ ಅಂತಾಳೆ. ಸದ್ಯ ತಡೆದಿದ್ದೇನೆ!

ಬಾಣಂತಿ, ಕೂಸು ಇಬ್ಬರನ್ನೂ ನೋಡಿ ಅನುಭವವಿರುವ ಲೇಡಿ ಫಿಸಿಯೋಥೆರಪಿಸ್ಟ್ ಜೇವರ್ಗಿ ರಸ್ತೆ ಕಡೆ ಯಾರಾದರೂ ಇದ್ದಾರಾ? ಮನೆಗೆ ಬರುವವರಾದರೆ ಇನ್ನೂ ಒಳ್ಳೆಯದು. ಆಟೋ ಕುಲುಕಾಟ ಅವಳಿಗೆ ತಡೆಯುವುದಿಲ್ಲ.