ಡಿಸೆಂಬರ್ ಚಳಿಗೆ ಟ್ರಾವೆಲರ್ ಒಳಗೆ ಮಲಗೋದು: ಹೀಟರ್ ಬೇಕಾ?

ಭದ್ರಾವತಿ ಬಂಡಿ:
ಹಳೇ ಟೆಂಪೋ ಟ್ರಾವೆಲರ್ ಸೀಟು ಕಿತ್ತು ಮಂಚ, ಸಣ್ಣ ಅಡುಗೆಕಟ್ಟೆ ಮಾಡಿಸಿದ್ದೇವೆ. ಕ್ರಿಸ್‌ಮಸ್ ರಜೆಗೆ ಹೆಂಡತಿ, ಮಗಳ ಜೊತೆ ಸಾಗರ, ನಿಟ್ಟೂರು ಕಡೆ ಹೊರಟಿದ್ದೀವಿ. 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, ಇನ್ವರ್ಟರ್ ಇದೆ. 1500 ವ್ಯಾಟ್ ರೂಮ್ ಹೀಟರ್ ನಡೆಯುತ್ತಾ? ರಾತ್ರಿ ಶರಾವತಿ ಹಿನ್ನೀರಿನ ದಡದಲ್ಲಿ ನಿಲ್ಲಿಸಬಹುದಾ?

ಅಡಕೆ ಚಪ್ಪರ:
ನಡೆಯಲ್ಲ ಮಾರಾಯ್ರೆ. 1500 ವ್ಯಾಟ್ ಅಂದ್ರೆ 12 ವೋಲ್ಟಿಗೆ 125 ಆಂಪಿಯರ್. ಮಗಳಿಗೆ ಕಥೆ ಹೇಳಿ ಮುಗಿಸೋದ್ರೊಳಗೆ ಬ್ಯಾಟರಿ ಮಲಗಿರುತ್ತೆ. ನಮ್ಮ ಕಡೆ ಬೆಳಗಿನ ಜಾವ 12–13 ಡಿಗ್ರಿ ಆಸುಪಾಸು ಇರುತ್ತೆ. ದಪ್ಪ ಕಂಬಳಿ, ಕಾಲುಚೀಲ, ಮಂಕಿ ಕ್ಯಾಪು ಧಾರಾಳ ಸಾಕು.

ಕಾಡೋದು ಚಳಿಯಲ್ಲ, ತೇವ. ಮೂವರ ಉಸಿರು ತಣ್ಣನೆ ತಗಡಿಗೆ ತಾಗಿ ನೀರಾಗುತ್ತೆ. ನನ್ನ ಓಮ್ನಿಯಲ್ಲಿ ನಾಲ್ಕು ಗಂಟೆ ಹೊತ್ತಿಗೆ ರೂಫಿನ ಸ್ಕ್ರೂ ತುದಿಯಿಂದ ಸರಿಯಾಗಿ ಹಣೆಗೇ ತೊಟ್ಟಿಕ್ಕುತ್ತಿತ್ತು. ಬೆಚ್ಚಗಿರಲಿ ಅಂತ ಗಾಜು ಪೂರ್ತಿ ಏರಿಸಿದಷ್ಟೂ ಜಾಸ್ತಿ. ಎದುರುಬದುರು ಎರಡು ಕಿಟಕಿ ಬೆರಳು ತೂರುವಷ್ಟು ಬಿಡಿ, ಸೊಳ್ಳೆ ಪರದೆ ಅಂಟಿಸಿ. ಅಡುಗೆ ಹೊರಗೇ ಮಾಡಿ, ಗ್ಯಾಸ್ ಉರಿದ್ರೂ ನೀರಾವಿ ಬರುತ್ತೆ. ಹಾಸಿಗೆ ಕೆಳಗಿನ ಪ್ಲೈವುಡ್ಡಿಗೆ ತೂತು ಹೊಡೆಸಿ, ಇಲ್ಲಾಂದ್ರೆ ಬೂಷ್ಟು ಗ್ಯಾರಂಟಿ.

ತೀರ್ಥಹಳ್ಳಿ ಮಳೆ:
ಅಗ್ಗಿಷ್ಟಿಕೆಯಲ್ಲಿ ಒಂದಿಷ್ಟು ಕೆಂಡ ಇಟ್ಕೊಂಡ್ರೆ ಆಗಲ್ವಾ? ನಮ್ಮಜ್ಜಿ ಬಾಣಂತಿ ಕೋಣೆಲಿ ಇಡ್ತಿದ್ರು.

ಅಡಕೆ ಚಪ್ಪರ:
ಬೇಡವೇ ಬೇಡ. ಹಂಚಿನ ಮನೆಗೆ ನೂರು ಸಂದಿ, ಗಾಡಿಗೆ ಎಲ್ಲಿದೆ? ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದೋರಿಗೆ ಎಚ್ಚರಾನೇ ಆಗಲ್ಲ. ಕಿಟಕಿ ಸಂದಿ ಬಿಟ್ಟಿದ್ದೀನಿ ಅನ್ನೋ ಧೈರ್ಯಾನೂ ಬೇಡ.

ಹಿನ್ನೀರಿನ ದಡ ನಂಬಬೇಡಿ. ನೀರು ಇಳಿದ ಜಾಗ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ, ಒಳಗೆ ಕೆಸರು. ಟ್ರಾವೆಲರ್ ಹೂತ್ರೆ ಟ್ರ್ಯಾಕ್ಟರ್ ಹುಡುಕ್ಕೊಂಡು ಊರೆಲ್ಲ ಸುತ್ತಬೇಕು. ಕಾಡಿನಂಚಲ್ಲಿ ಫಾರೆಸ್ಟಿನವರನ್ನ ಕೇಳದೆ ತಂಗೋದೂ ತಪ್ಪು. ಯಾವುದಾದ್ರೂ ಹೋಮ್‌ಸ್ಟೇ ಅಂಗಳ ಕೇಳಿ. ಕೊಡಚಾದ್ರಿಗೆ ಗಾಡಿ ಹತ್ತಿಸೋ ಆಸೆಯನ್ನಂತೂ ಬಿಟ್ಟುಬಿಡಿ; ಕೆಳಗೆ ನಿಲ್ಲಿಸಿ ಜೀಪ್ ಹಿಡೀರಿ.

ಭದ್ರಾವತಿ ಬಂಡಿ:
ಹೀಟರ್ ಕ್ಯಾನ್ಸಲ್. ಹೋಮ್‌ಸ್ಟೇಲಿ ರೂಮ್ ಬೇಡ, ಅಂಗಳ ಮಾತ್ರ ಸಾಕು ಅಂದ್ರೆ ಬೈಯಲ್ವಾ?

ಅಡಕೆ ಚಪ್ಪರ:
ಊಟ ಅಲ್ಲೇ ಹೇಳಿಬಿಡಿ, ಯಾರೂ ಬೈಯಲ್ಲ. ಮೊದಲೇ ಫೋನ್ ಮಾಡಿ: ಈಗ ಕೊಯ್ಲು, ಅಂಗಳ ತುಂಬ ಅಡಕೆ ಹರವಿರ್ತಾರೆ.